ಎರಡನೆಯ ರಾಡು

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಯಲ್ಲಾಪುರದ ನಮ್ಮ ಶೆಡ್ಡಿನಲ್ಲಿ, ಚಹಾ ಬರುವುದಕ್ಕೂ ಮೊದಲು ನಾನು ಮಾಡುತ್ತಿದ್ದ ಕೆಲಸವೆಂದರೆ ಸುಳ್ಳು ಹೇಳುವುದು. ಬಾಯಲ್ಲಿ ಹೇಳುತ್ತಿರಲಿಲ್ಲ, ಪೆನ್ನಿನಲ್ಲಿ ಹೇಳುತ್ತಿದ್ದೆ. ಮೇಜಿನ ಮೇಲೆ ನಾಲ್ಕು ಗ್ಯಾಂಗುಗಳ ನಾಲ್ಕು ಪರ್ಮಿಟ್ ಪುಸ್ತಕಗಳು ಇರುತ್ತಿದ್ದವು. ಒಂದೊಂದರಲ್ಲೂ ಆ ವಾರದ ಆರು ಹಾಳೆಗಳ ಕೆಳಗೆ ನನ್ನ ಸಹಿ ಬೀಳಬೇಕು. ಸಹಿಯ ಮೇಲೆ ಅಚ್ಚಾಗಿದ್ದ ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಲೈನು ಬಂದ್ ಆಗಿರುವುದನ್ನೂ, ಕೆಲಸದ ಜಾಗದ ಎರಡೂ ಬದಿಗೆ ಅರ್ತ್ ರಾಡ್ ಕಟ್ಟಿರುವುದನ್ನೂ ನಾನು ಖುದ್ದಾಗಿ ನೋಡಿದ್ದೇನೆ." ಗುರುವಾರದ ಕೆಲಸವನ್ನು ಸೋಮವಾರವೇ ಖುದ್ದಾಗಿ ನೋಡಿಬಿಡುವ ವಿದ್ಯೆ ನನ್ನಂಥ ಸೇಫ್ಟಿ ಆಫೀಸರುಗಳಿಗೆ ಮಾತ್ರ ಗೊತ್ತು.

ನಮ್ಮದು ವಿದ್ಯುತ್ ಲೈನುಗಳ ದುರಸ್ತಿಯನ್ನು ಗುತ್ತಿಗೆಗೆ ಹಿಡಿಯುವ ಖಾಸಗಿ ಕಂಪನಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಸೇರಿ ಸೇಫ್ಟಿ ಆಫೀಸರ್ ನಾನೊಬ್ಬನೇ, ಜೀಪೂ ಒಂದೇ. ಮೊದಲ ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಲ್ಲ ಕಡೆ ಓಡಿದೆ. ನಾನು ಮಾಗೋಡಿನ ಕಡೆ ಇದ್ದರೆ ಸಿದ್ದಾಪುರದ ಗ್ಯಾಂಗು ಕಂಬದ ಬುಡದಲ್ಲಿ ಕೂತು ನನಗಾಗಿ ಕಾಯುತ್ತಿತ್ತು. ಫೋನು ಮಾಡೋಣವೆಂದರೆ ಆ ಕೊಳ್ಳಗಳಲ್ಲಿ ನೆಟ್‌ವರ್ಕ್ ಇಲ್ಲ. ಲೈನು ಬಂದ್ ಆದ ಊರಿನವರು ಅವರನ್ನು ಬೈಯುತ್ತಿದ್ದರು, ಅವರು ನನ್ನನ್ನು ಬೈಯುತ್ತಿದ್ದರು.

ಕೊನೆಗೆ ಒಂದು ಸೋಮವಾರ ಯಲ್ಲಾಪುರದ ಗ್ಯಾಂಗಿನ ಮೇಸ್ತ್ರಿ ತಮ್ಮ ಪುಸ್ತಕವನ್ನು ನನ್ನ ಮುಂದೆ ಬಿಡಿಸಿ ಇಟ್ಟರು. "ಸಾಹೇಬ್ರೇ, ನೀವು ಆ ಗುಡ್ಡ ಈ ಗುಡ್ಡ ತಿರುಗಿ ಬರೂದ್ರೊಳಗೆ ಹೊತ್ತು ಮುಳುಗ್ತದೆ. ಎಲ್ಲದಕ್ಕೂ ಈಗ್ಲೇ ಸೈ ಹಾಕಿ ಕೊಡಿ. ನಾವು ಹುಷಾರಿ ಮಾಡ್ತೇವೆ."

ಹಾಕಿದೆ. ಅವರು ಕೇಳಿದರು ಎಂದು ತಪ್ಪನ್ನು ಅವರ ತಲೆಗೆ ಕಟ್ಟುವುದಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ನಮ್ಮ ಅಬ್ಬಾ ಶಿರಸಿಯಲ್ಲಿ ಮೂವತ್ತು ವರ್ಷ ಅಡಿಕೆ ಲಾರಿ ಓಡಿಸಿದವರು. ಹೊರಡುವ ಮುಂಚೆ ಸಣ್ಣ ಸುತ್ತಿಗೆ ಹಿಡಿದು ಒಂದೊಂದು ಗಾಲಿಯನ್ನೂ ತಾವೇ ಬಡಿದು ಶಬ್ದ ಕೇಳುತ್ತಿದ್ದರು. ಕ್ಲೀನರ್ ತಾನು ನೋಡಿದ್ದೇನೆ ಎಂದರೆ ನಂಬುತ್ತಿರಲಿಲ್ಲ. ನಾನು ಸುರಕ್ಷತೆಯಲ್ಲಿ ಡಿಪ್ಲೊಮಾ ಮಾಡಿ ಬಂದಾಗ, ಇದನ್ನೂ ಕಾಲೇಜಿನಲ್ಲಿ ಕಲಿಸುತ್ತಾರಾ ಎಂದು ನಕ್ಕಿದ್ದರು. ಕಾಲೇಜಿನಲ್ಲಿ ಕಲಿತದ್ದನ್ನು ಮರೆತರೆ ಕ್ಷಮೆ ಇದೆ, ಮನೆಯಂಗಳದಲ್ಲಿ ನೋಡಿ ಬೆಳೆದದ್ದನ್ನು ಮರೆತವನಿಗೆ ಏನು ಹೇಳುವುದು.

ಮೇಸ್ತ್ರಿಗೆ ಆಗ ಐವತ್ತರ ಆಚೆ. ಇಪ್ಪತ್ತಾರು ವರ್ಷ ಕಂಬ ಹತ್ತಿಳಿದವರು, ಒಮ್ಮೆಯೂ ಒಂದು ಗೀರು ಮಾಡಿಕೊಂಡವರಲ್ಲ. ಹೊಸದಾಗಿ ಸೇರಿದವರನ್ನೆಲ್ಲ ಕಂಪನಿ ಮೊದಲು ಅವರ ಗ್ಯಾಂಗಿಗೇ ಹಾಕುತ್ತಿತ್ತು. ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆವರೆಗೆ. ಆದರೆ ಸಹಿ ಮಾತ್ರ ಕಲೆಕ್ಟರರದ್ದು. ಕೊನೆಯ ಅಕ್ಷರದಿಂದ ಒಂದು ಬಾಲ ಎಳೆದರೆ ಅದು ಪಕ್ಕದವನ ಹೆಸರಿನ ಕೆಳಗೂ ಹೋಗುತ್ತಿತ್ತು. ತರಬೇತಿಯ ಹಾಜರಿ ಪುಸ್ತಕದಲ್ಲಿ ಆ ಬಾಲಕ್ಕೆ ಜಾಗ ಬಿಡಲೆಂದೇ ನಾನು ಅವರ ಪಕ್ಕದ ಸಾಲನ್ನು ಖಾಲಿ ಇಡುತ್ತಿದ್ದೆ.

ತಿಂಗಳಿಗೊಮ್ಮೆ ಶೆಡ್ಡಿನ ಪಕ್ಕದ ಬಾಡಿಗೆ ಹಾಲ್‌ನಲ್ಲಿ ತರಬೇತಿ. ಮೂವತ್ತು ಜನ, ಒಂದು ಪರದೆ, ನನ್ನ ಲ್ಯಾಪ್‌ಟಾಪು. ಒಮ್ಮೆ ಅರ್ತ್ ರಾಡಿನ ಪಾಠ ಮಾಡುತ್ತಿದ್ದೆ. ಕಬ್ಬಿಣದ ರಾಡನ್ನು ನೆಲಕ್ಕೆ ಹೊಡೆದು, ಅದರ ತಾಮ್ರದ ತಂತಿಯ ತುದಿಯ ಕ್ಲಾಂಪನ್ನು ಲೈನಿಗೆ ಕಚ್ಚಿಸಿಬಿಟ್ಟರೆ, ತಪ್ಪಿ ಬಂದ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಇಳಿಯುತ್ತದೆ. ಕೆಲಸದ ಜಾಗದ ಆ ಬದಿಗೊಂದು, ಅಂದರೆ ಟಿ.ಸಿ. ಎಂದು ನಾವು ಕರೆಯುವ ಟ್ರಾನ್ಸ್‌ಫಾರ್ಮರಿನ ಕಡೆಗೆ, ಈ ಬದಿಗೊಂದು, ಮನೆಯ ಕಡೆಗೆ ಕಟ್ಟಬೇಕು. ಮೇಸ್ತ್ರಿ ಎದ್ದು ನಿಂತು ಕೇಳಿದರು: "ಟಿ.ಸಿ. ಬದಿಗೆ ಕಟ್ಟೂದು ಸರಿ, ಕರೆಂಟು ಬರೂದೇ ಅಲ್ಲಿಂದ. ಮನೆ ಬದಿಗೆ ಎಂತಕ್ಕೆ? ಅಲ್ಲಿಂದ ಎಲ್ಲಿ ಬರ್ತದೆ?"

ನಾನು ಪರದೆಯ ಮೇಲೆ ದೊಡ್ಡ ಶಹರದ ದೊಡ್ಡ ಕಟ್ಟಡವೊಂದರ ಜನರೇಟರ್ ಚಿತ್ರ ತೋರಿಸಿದೆ. ಇಂಥ ಜನರೇಟರಿನಿಂದ ಕರೆಂಟು ವಾಪಸು ಲೈನಿಗೆ ಹರಿಯಬಹುದು ಎಂದೆ. ಎಲ್ಲರೂ ತಲೆಯಾಡಿಸಿದರು. ಅಂಥ ಜನರೇಟರನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಆದರೆ ಮನೆಯ ಹಿಂದಿನ ಹಳ್ಳಕ್ಕೆ ಪೈಪು ಹಾಕಿ, ಚಕ್ರ ತಿರುಗಿಸಿ, ಮನೆಗೆ ಬೇಕಾದಷ್ಟು ಕರೆಂಟು ಮಾಡಿಕೊಳ್ಳುವ ಪುಟ್ಟ ಟರ್ಬೈನುಗಳನ್ನು ಆ ಹಾಲ್‌ನಲ್ಲಿದ್ದ ಮೂವತ್ತೂ ಜನ ಕಂಡಿದ್ದರು. ಮಳೆಗಾಲದಲ್ಲಿ ಕರೆಂಟು ಹೋದೊಡನೆ ಪೈಪಿನ ವಾಲ್ವು ತಿರುಗಿಸಿ ದೀಪ ಹಚ್ಚಿಕೊಳ್ಳುವ ಮನೆಗಳು ನಮ್ಮ ಮೂರೂ ತಾಲೂಕಿನಲ್ಲಿವೆ. ನಾನೂ ಕಂಡಿದ್ದೆ. ಅದು ಮಾತ್ರ ನನ್ನ ಪಾಠದಲ್ಲಿ ಇರಲಿಲ್ಲ. ಪಾಠ ಎಂದರೆ ಹೊರಗಿನಿಂದ ಬರುವುದು ಎಂಬ ಮೂರ್ಖತನ ನನ್ನಲ್ಲಿತ್ತು.

ಇನ್ನೊಂದು ವಿಷಯವೂ ಪಾಠದಲ್ಲಿ ಇರಲಿಲ್ಲ. ಒಂಟಿ ಮನೆಯ ಲೈನು ಸರಿಮಾಡಲು ಹೋದ ಗ್ಯಾಂಗಿಗೆ ಆ ಮನೆಯಲ್ಲೇ ಊಟ. ಯಾರೂ ಕರೆಯುವ ಶಾಸ್ತ್ರ ಮಾಡುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ಕಂಬದಿಂದ ಇಳಿದು ಕೈಕಾಲು ತೊಳೆಯುವ ಹೊತ್ತಿಗೆ ಎಲೆ ಹಾಕಿರುತ್ತಾರೆ. ತಪಾಸಣೆಗೆಂದು ಹೋದ ನಾನೂ ಎಷ್ಟೋ ಮನೆಗಳಲ್ಲಿ ತಂಬುಳಿ ಸುರಿದುಕೊಂಡು ಉಂಡಿದ್ದೇನೆ. ನಿಜ ಹೇಳಬೇಕೆಂದರೆ ಕೆಲವು ತಪಾಸಣೆಗಳನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಮೇಸ್ತ್ರಿಯ ಗ್ಯಾಂಗಿನ ಒಂದು ರಾಡಿನ ಕ್ಲಾಂಪು ಮುರಿಯಿತು. ಶಿರಸಿಯಲ್ಲಿ ಅಬ್ಬಾನ ಗೆಳೆಯರೊಬ್ಬರ ವೆಲ್ಡಿಂಗ್ ಅಂಗಡಿ ಇದೆ. ನಾನು ಹೇಗೂ ದಿನಾ ಸಂಜೆ ಮನೆಗೆ ಹೋಗುವವನು, ಕೊಡಿ ಮಾಡಿಸಿ ತರುತ್ತೇನೆ ಎಂದು ರಾಡನ್ನು ಜೀಪಿನ ಹಿಂದೆ ಹಾಕಿಕೊಂಡೆ. ಅಂಗಡಿ ಒಮ್ಮೆ ಮುಚ್ಚಿತ್ತು, ಒಮ್ಮೆ ನನಗೆ ಅವಸರವಿತ್ತು, ಆಮೇಲೆ ಮರೆತೆ. ಮೂರು ವಾರ ಅದು ತಿರುವಿಗೊಮ್ಮೆ ಆ ಬದಿಯಿಂದ ಈ ಬದಿಗೆ ಉರುಳುತ್ತಲೇ ಇತ್ತು. ಒಂದು ದಿನ ಜೊತೆಗೆ ಬಂದ ಅಬ್ಬಾ, ಹಿಂದೆ ಏನೋ ಬಡಿಯುತ್ತಿದೆಯಲ್ಲ ಎಂದರು. ಜ್ಯಾಕು ಎಂದೆ. ಡ್ರೈವರನ ಕಿವಿ, ಜ್ಯಾಕಿನ ಶಬ್ದ ಹೀಗಿರುವುದಿಲ್ಲ ಎಂದಿತು. ಮಾತು ಬದಲಿಸಿದೆ.

ಜೂನಿನ ಒಂದು ಗುರುವಾರ ಮಾಗೋಡಿನ ರಸ್ತೆಯಿಂದ ಒಳಗೆ ಹೋಗುವ ಒಂದು ಮನೆಯ ಲೈನಿನ ಮೇಲೆ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ಮೇಸ್ತ್ರಿಯ ಗ್ಯಾಂಗು ಹೋಯಿತು. ಟಿ.ಸಿ.ಯ ಫ್ಯೂಜು ತೆಗೆದರು. ಟೆಸ್ಟರಿನಲ್ಲಿ ಎರಡೂ ತುಂಡು ಮುಟ್ಟಿ ನೋಡಿದರು, ಎರಡೂ ಸತ್ತಿದ್ದವು. ಇದ್ದ ಒಂದೇ ರಾಡನ್ನು ಟಿ.ಸಿ. ಬದಿಗೆ ಕಟ್ಟಿ ಮೇಸ್ತ್ರಿ ಕಂಬ ಹತ್ತಿದರು. ಅವರ ಪುಸ್ತಕದಲ್ಲಿ ನನ್ನ ಸೋಮವಾರದ ಸಹಿ ಇತ್ತು. ನಾನು ಐದಾರು ಮೈಲಿ ದೂರದ ಬೇರೊಂದು ಕಂಬದ ಬುಡದಲ್ಲಿದ್ದೆ.

ಮನೆಯ ಒಡತಿ ಒಳಗೆ ಅಡುಗೆಗೆ ನಿಂತಿದ್ದರು. ನಾಲ್ಕು ಜನ ಹೆಚ್ಚಾಗಿದ್ದರು, ತೆಂಗಿನಕಾಯಿ ರುಬ್ಬಬೇಕಿತ್ತು, ಕರೆಂಟು ಇರಲಿಲ್ಲ. ಹಿತ್ತಿಲಿಗೆ ಹೋಗಿ ಟರ್ಬೈನಿಗೆ ನೀರು ಬಿಟ್ಟು ಬಂದು ಮಿಕ್ಸಿ ಹಾಕಿದರು. ಹೊರಗಿನ ಕರೆಂಟನ್ನೂ ಮನೆಯ ಕರೆಂಟನ್ನೂ ಬೇರೆ ಮಾಡುವ ಸ್ವಿಚ್ಚು ಹಿಂದಿನ ವರ್ಷ ಸುಟ್ಟುಹೋಗಿತ್ತು. ವಯರಿಂಗಿನವನು ಅದನ್ನು ಕಿತ್ತು ನೇರ ಜೋಡಿಸಿ ಹೋಗಿದ್ದ. ಅದು ಆ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಿಕ್ಸಿ ತಿರುಗಿದ ಗಳಿಗೆಯಲ್ಲಿ ಮೇಸ್ತ್ರಿ ಮನೆ ಬದಿಯ ತಂತಿಯನ್ನು ಬಲಗೈಯಲ್ಲಿ ಹಿಡಿದಿದ್ದರು.

ನಮ್ಮವನೊಬ್ಬ ಬೈಕಿನಲ್ಲಿ ಬಂದು ಹೇಳಿದ. ನಾನು ಹೋಗುವ ಹೊತ್ತಿಗೆ ಅವರನ್ನು ಬೆಲ್ಟಿನಿಂದ ಇಳಿಸಿ ಜಗಲಿಯಲ್ಲಿ ಮಲಗಿಸಿದ್ದರು. ಉಸಿರಿತ್ತು. ಕೈ ನೋಡಲಾಗುತ್ತಿರಲಿಲ್ಲ. ಆಂಬುಲೆನ್ಸಿಗೆ ಕಾಯದೆ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಹೊರಟೆ. ಮೊದಲ ತಿರುವಿನಲ್ಲೇ ಆ ರಾಡು ಉರುಳಿತು. ಠಣ್ ಎಂದು ಆ ಬದಿಗೆ ಬಡಿಯಿತು, ಮುಂದಿನ ತಿರುವಿಗೆ ಈ ಬದಿಗೆ. ನಿಲ್ಲಿಸಿ ತೆಗೆದು ಕಾಡಿಗೆ ಎಸೆಯಬೇಕು ಅನ್ನಿಸಿತು. ನಿಲ್ಲಿಸಲು ಸಮಯವಿರಲಿಲ್ಲ. ಕಲಘಟಗಿ ದಾಟಿ ಹುಬ್ಬಳ್ಳಿ ಮುಟ್ಟುವವರೆಗೂ ಅದು ಬಡಿಯುತ್ತಲೇ ಇತ್ತು. ಮೇಸ್ತ್ರಿ ಕಣ್ಣು ಮುಚ್ಚಿದ್ದರು, ಅವರಿಗೆ ಪ್ರಜ್ಞೆ ಇಲ್ಲ ಎಂದುಕೊಂಡು ಸಮಾಧಾನಪಟ್ಟೆ. ಆ ಸಮಾಧಾನಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು, ಉಳಿದೆರಡು ಮಡಚುವುದಿಲ್ಲ.

ಮರುದಿನ ನಮ್ಮ ಮ್ಯಾನೇಜರು ನನ್ನನ್ನು ಕರೆಸಿದರು. ಹಾವೇರಿ ಕಡೆಯವರು, ದನಿ ಏರಿಸಿ ಮಾತಾಡಿದವರೇ ಅಲ್ಲ. "ಬರ್ರಿ, ಕೂಡ್ರಿ. ಹಾಳ್ಯಾಗ ನಿಮ್ಮ ಸಹಿ ಐತಿ ನೋಡ್ರಿ. ಎರಡೂ ಕಡೆ ರಾಡ್ ಖುದ್ದ ನೋಡೇನಿ ಅಂತ ಬರದೈತಿ. ಅಂದಮ್ಯಾಲ ಎರಡೂ ಇದ್ದೂ. ಒಂದನ್ನ ಆಮ್ಯಾಲ ಯಾರೋ ತಗದಾರ. ಯಾರು ಅಂತ ಮೇಸ್ತ್ರಿ ಅವರೇ ಹೇಳ್ತಾರ. ನೀವು ಸುಮ್ಮನ ಇರ್ರಿ, ಅಷ್ಟ."

ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತಿತ್ತು.

ತನಿಖೆಯ ಅಧಿಕಾರಿ ಆಸ್ಪತ್ರೆಗೆ ಬಂದಾಗ ನಾನು ಮಂಚದ ಕಾಲ ಬಳಿ ನಿಂತಿದ್ದೆ. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ಹೇಳಿದರು: "ಎರಡೂ ರಾಡು ಇತ್ತು. ಸಾಹೇಬ್ರು ಬಂದು ನೋಡಿ ಹೋದ್ರು. ಆಮೇಲೆ ಮನೆ ಬದಿದು ಅಡ್ಡ ಬರ್ತದೆ ಹೇಳಿ ನಾನೇ ಕಳಚಿದೆ." ಅಧಿಕಾರಿ ಬರೆದುಕೊಂಡರು. ಕೆಲಸಗಾರನ ಸ್ವಂತ ನಿರ್ಲಕ್ಷ್ಯ ಎಂದಾಯಿತು. ಇಪ್ಪತ್ತಾರು ವರ್ಷ ಉಳಿಸಿಕೊಂಡ ಹೆಸರು ನನ್ನ ಕಣ್ಣೆದುರೇ ಎರಡು ಸಾಲಿನಲ್ಲಿ ಹೋಯಿತು, ಅದನ್ನು ತಡೆಯಲು ನಾನು ಹೇಳಬೇಕಿದ್ದದ್ದು ಒಂದೇ ಸಾಲು. ತಿಂಗಳ ನಂತರ ಕಂಪನಿ ಅವರಿಗೆ ಶೆಡ್ಡಿನ ಗೇಟು ಕಾಯುವ ಕೆಲಸ ಕೊಟ್ಟಿತು. ಅಲ್ಲಿಗೆ ನನಗೆ ಅರ್ಥವಾಯಿತು, ಅವರು ಕೆಲಸಕ್ಕಾಗಿ ಹಾಗೆ ಹೇಳಿದ್ದಾರೆ, ಇಬ್ಬರಿಗೂ ಸರಿಹೋಯಿತು ಎಂದು. ಹೀಗೆ ಅರ್ಥಮಾಡಿಕೊಂಡರೆ ನನಗೆ ಅನುಕೂಲವಿತ್ತು.

ಆ ಮನೆಗೂ ಒಮ್ಮೆ ಹೋಗಬೇಕಾಯಿತು, ಹೊಸ ಸ್ವಿಚ್ಚು ಹಾಕಿದ್ದಾರೋ ನೋಡಲು. ಹಾಕಿಸಿದ್ದರು. ಒಡತಿ ಬಾಗಿಲ ಹತ್ತಿರವೇ ನಿಂತು ಕೇಳಿದರು: "ನಿಮ್ಮವ್ರಿಗೇ ಊಟಕ್ಕೆ ಅಂತ ಕಾಯಿ ರುಬ್ಲಿಕ್ಕೆ ನೀರು ಬಿಟ್ಟೆ. ಬೇರೆ ಎಂತಕ್ಕೂ ಅಲ್ಲ. ಆ ಕೈ ನಾನೇ ಸುಟ್ಟ ಹಾಗಾಯ್ತಾ?" ಅವರು ಒಳಗಿದ್ದ ಗಂಡನ ಕಡೆ ತಿರುಗಿ, "ಯಂಗೆ ಗೊತ್ತಿತ್ತಿಲ್ಲೆ" ಎಂದರು. ತನಗೆ ಗೊತ್ತಿರಲಿಲ್ಲ ಎಂದು ಎಷ್ಟನೆಯ ಸಲ ಹೇಳುತ್ತಿದ್ದರೋ. ಮನೆ ಬದಿಗೆ ಇನ್ನೊಂದು ರಾಡು ಇದ್ದಿದ್ದರೆ ನೀವು ಇಡೀ ಹಳ್ಳದ ನೀರು ಬಿಟ್ಟರೂ ಏನೂ ಆಗುತ್ತಿರಲಿಲ್ಲ ಎಂದು ನಾನು ಹೇಳಬಹುದಿತ್ತು. ತನಿಖೆ ನಡೆಯುತ್ತಿದೆ ಎಂದೆ. ಮಧ್ಯಾಹ್ನವಾಗಿತ್ತು, ಅವರು ಊಟಕ್ಕೆ ಏಳಿ ಎನ್ನಲಿಲ್ಲ.

ಈ ನಡುವೆ ಇನ್ನೊಂದು ವಿಚಿತ್ರವಾಯಿತು. ಮೇಸ್ತ್ರಿಯ ಗ್ಯಾಂಗಿಗೆ ಹೊಸ ರಾಡು ಬೇಕೆಂದು ಸ್ಟೋರಿನಲ್ಲಿ ಕೇಳಿದೆ. ಸ್ಟೋರಿನವನು ಪುಸ್ತಕ ತೆಗೆದು ತೋರಿಸಿದ. ಆ ಗ್ಯಾಂಗಿನ ಹತ್ತಿರ ಎರಡು ರಾಡು ಇವೆ, ತನಿಖೆಯ ವರದಿಯಲ್ಲೂ ಎರಡು ಇವೆ, ಮೂರನೆಯದು ಯಾಕೆ ಎಂದ. ಏನು ಹೇಳಲಿ? ಮುರಿದದ್ದನ್ನು ವೆಲ್ಡಿಂಗಿಗೆ ಒಯ್ದರೆ, ಇದು ಯಾವಾಗ ಮುರಿದದ್ದು ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆ. ಅದರ ಮೇಲೊಂದು ಗೋಣಿ ಹಾಕಿ ಮುಚ್ಚಿಟ್ಟೆ. ಗೋಣಿ ಹಾಕಿದ ಮೇಲೆ ಶಬ್ದವೂ ಕಡಿಮೆಯಾಯಿತು.

ಸೆಪ್ಟೆಂಬರಿನ ತರಬೇತಿಗೆ ಮ್ಯಾನೇಜರು ತಾವೇ ಪಾಠ ಬರೆಸಿ ಕಳಿಸಿದರು. "ಮಾಗೋಡು ರಸ್ತೆಯ ಅಪಘಾತದಿಂದ ಕಲಿಯಬೇಕಾದದ್ದು" ಎಂದು ತಲೆಬರಹ. ಅವರೂ ಬಂದು ಮುಂದಿನ ಸಾಲಿನಲ್ಲಿ ಕೂತರು. ಗೇಟಿನವರೂ ತರಬೇತಿಗೆ ಬರಬೇಕೆಂಬ ನಿಯಮವನ್ನು ಹಿಂದೆ ನಾನೇ ಮಾಡಿಸಿದ್ದೆ, ಹಾಗಾಗಿ ಮೇಸ್ತ್ರಿಯೂ ಬಂದಿದ್ದರು. ಹಾಜರಿ ಪುಸ್ತಕ ಅವರ ಮುಂದೆ ಬಂದಾಗ ನಾನು ಅಭ್ಯಾಸಬಲದಿಂದ ಪಕ್ಕದ ಸಾಲು ಖಾಲಿ ಬಿಟ್ಟಿದ್ದೆ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಎಡಗೈಯ ಹೆಬ್ಬೆರಳನ್ನು ಶಾಯಿಯ ಡಬ್ಬಿಗೆ ಒತ್ತಿ ಪುಸ್ತಕಕ್ಕೆ ಒತ್ತಿದರು, ಪಂಚೆಗೆ ಒರೆಸಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತರು.

ಓದತೊಡಗಿದೆ. ಸ್ಥಳ, ದಿನ, ಹವಾಮಾನ. ಎರಡೂ ಬದಿಗೆ ಅರ್ತ್ ರಾಡ್ ಕಟ್ಟಲಾಗಿತ್ತು. ಸೇಫ್ಟಿ ಆಫೀಸರು ಖುದ್ದಾಗಿ ಪರಿಶೀಲಿಸಿದ್ದರು. ಮುಂದಿನ ಸಾಲು, "ನಂತರ ಕೆಲಸಗಾರನು ತನ್ನ ಅಜಾಗರೂಕತೆಯಿಂದ" ಎಂದು ಶುರುವಾಗುತ್ತಿತ್ತು. ಹಾಳೆಯಿಂದ ತಲೆ ಎತ್ತಿದೆ. ಮೇಸ್ತ್ರಿಯ ಗ್ಯಾಂಗಿನವರು ನೆಲ ನೋಡುತ್ತಿದ್ದರು. ಹೊಸದಾಗಿ ಸೇರಿದ ಏಳೆಂಟು ಜನ ಹಿಂದಕ್ಕೆ ಹೊರಳಿ, ಈ ದಡ್ಡತನ ಮಾಡಿದವನು ಇವನೇನಾ ಎಂಬಂತೆ ಆ ಕೈ ನೋಡುತ್ತಿದ್ದರು. ಅಲ್ಲಿಗೆ ನನ್ನಿಂದ ಆಗಲಿಲ್ಲ.

"ಎರಡು ರಾಡು ಇರಲಿಲ್ಲ," ಎಂದೆ. "ಒಂದೇ ಇತ್ತು. ಇನ್ನೊಂದು ಮುರಿದು ನನ್ನ ಜೀಪಿನಲ್ಲಿ ಮೂರು ವಾರದಿಂದ ಬಿದ್ದಿತ್ತು. ನಾನು ಆ ದಿನ ಅಲ್ಲಿಗೆ ಹೋಗಿರಲೇ ಇಲ್ಲ. ಸಹಿ ಸೋಮವಾರ ಹಾಕಿದ್ದು. ಮೇಸ್ತ್ರಿ ಯಾವುದನ್ನೂ ಕಳಚಿಲ್ಲ." ಆಮೇಲೆ ಹಳ್ಳದ ಟರ್ಬೈನಿನ ಬಗ್ಗೆ, ಊಟಕ್ಕೆಂದು ತಿರುಗುವ ಮಿಕ್ಸಿಯ ಬಗ್ಗೆ, ಕಂಬ ಹತ್ತುವ ಮೊದಲು ಮನೆಯವರಿಗೆ ನೀರು ಬಿಡಬೇಡಿ ಎಂದು ಹೇಳಬೇಕಾದುದರ ಬಗ್ಗೆ ಹೇಳಿದೆ. ಆರು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಪಾಠ ಅದು, ಹತ್ತು ನಿಮಿಷವೂ ಆಗಲಿಲ್ಲ. ಮ್ಯಾನೇಜರು ಫೋನು ಹಿಡಿದು ಹೊರಗೆ ಹೋದರು. ಇದನ್ನೇ ಆ ವಾರ ತನಿಖೆಯ ಅಧಿಕಾರಿಗೂ ಬರೆದು ಕೊಟ್ಟೆ. ನನ್ನ ಕೆಲಸ ಹೋಯಿತು. ಮೇಸ್ತ್ರಿಯ ಗೇಟಿನ ಕೆಲಸ ಉಳಿದಿದೆ, ವರದಿಯನ್ನು ತಿದ್ದುವುದು ಇನ್ನೂ ಆಗಿಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ನಾನು ಜೀಪಿನ ಹತ್ತಿರ ನಿಂತಿದ್ದೆ. ಮೈ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ಯಾರಾದರೂ ಬಂದು ಬೆನ್ನು ತಟ್ಟಿಯಾರು ಎಂಬ ಆಸೆಯೂ ಇತ್ತು. ಮೇಸ್ತ್ರಿ ಬಂದರು.

"ರಾಡು ಜೀಪಲ್ಲಿತ್ತು ಹೇಳಿ ನಂಗೆ ಆವತ್ತೇ ಗೊತ್ತಿತ್ತು," ಎಂದರು. "ಹುಬ್ಬಳ್ಳಿವರೆಗೂ ತಲೆ ಹಿಂದೆ ಅದರದ್ದೇ ಶಬ್ದ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ?" ಎಂದೆ.

"ಸೈ ಹಾಕಿ ಕೊಡಿ ಅಂದವ ನಾನೇ ಅಲ್ವಾ. ಗೇಟಿನ ಕೆಲಸನೂ ಬೇಕಿತ್ತು. ನಿಮ್ಮ ಸಲುವಾಗಿ ಮಾತ್ರ ಹೇಳಿದೆ ಅಂದ್ರೆ ಅದೂ ಸುಳ್ಳಾಗ್ತದೆ." ಜೀಪಿನ ಹಿಂಬದಿಗೆ ನಡೆದು, "ಎಲ್ಲಿದೆ ಅದು?" ಎಂದು ಕೇಳಿದರು.

ಹಿಂದಿನ ಬಾಗಿಲು ತೆಗೆದೆ. ಅವರು ಎಡಗೈಯಲ್ಲಿ ಗೋಣಿ ಸರಿಸಿ, ಬಗ್ಗಿ, ಮುರಿದ ಕ್ಲಾಂಪನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಲ್ಲಿ ತುಕ್ಕು ಹಿಡಿದಿತ್ತು.

"ಇನ್ನೂ ಮಾಡಿಸ್ಲಿಲ್ವಾ?"

"ಇಲ್ಲ."

"ಹಾಗಾರೆ ನಮ್ಮ ಗ್ಯಾಂಗಿನವ್ರು ಈ ಮೂರು ತಿಂಗಳು ಒಂದೇ ರಾಡು ಕಟ್ಟಿ ಕಂಬ ಹತ್ತಿದ್ದಾ?"

ಹೌದೆಂದು ತಲೆಯಾಡಿಸಿದೆ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೇಳೂದನ್ನ ಆಮೇಲೆ ಹೇಳಿದ್ರೂ ಆಗ್ತಿತ್ತು ಸಾಹೇಬ್ರೇ," ಎಂದರು. "ಇದನ್ನ ಮೊದ್ಲು ಮಾಡಿಸ್ಬೇಕಿತ್ತು."

ಅಷ್ಟು ಹೇಳಿ ಅವರು ಗೋಣಿಯನ್ನು ಮಡಚಿ ಮೂಲೆಗೆ ಇಟ್ಟು, ಗೇಟಿನ ಕಡೆ ನಡೆದರು. ನಾನು ಜೀಪು ಹತ್ತಿ ಶಿರಸಿಯ ವೆಲ್ಡಿಂಗ್ ಅಂಗಡಿಯ ದಾರಿ ಹಿಡಿದೆ, ಮೊದಲ ತಿರುವಿನಲ್ಲೇ ರಾಡು ಉರುಳಿತು.